ಗೋಡೆಯಾಚೆ ಕೇಳಿದ ಮಾತು

ಹಾಡು ಬಿಡುಗಡೆಯಾಗುವ ದಿನ ಬೆಳಿಗ್ಗೆ ಅವಳು ಒಂದೇ ಪ್ಯಾಂಟಿನ ಅಂಚನ್ನು ಮೂರು ಸಲ ಹೊಲಿದು ಮೂರು ಸಲ ಬಿಚ್ಚಿದಳು. ನಾಲ್ಕನೇ ಸಲ ಸೂಜಿಗೆ ದಾರ ಪೋಣಿಸಲು ಹೊರಟಾಗ ಅಕ್ಕ ಆ ಪ್ಯಾಂಟನ್ನು ಅವಳ ಕೈಯಿಂದ ಕಿತ್ತುಕೊಂಡಳು.

"ಹೋಗು ಪುಟ್ಟಿ, ಹೊರಗೆ ಒಂದು ಸುತ್ತು ಹಾಕ್ಕೊಂಡು ಬಾ. ಗಿರಾಕಿ ಪ್ಯಾಂಟು ಜರಡಿ ಆಗ್ತಿದೆ."

ಆಗ ಗಂಟೆ ಒಂಬತ್ತೂಕಾಲು. ಹಾಡು ಬರುವುದು ಹತ್ತಕ್ಕೆ. ಅವಳು ಔಷಧಿ ಅಂಗಡಿ ದಾಟಿ, ಬ್ಯಾಂಕಿನ ಮೂಲೆ ತಿರುಗಿ, ಬಸ್ ನಿಲ್ದಾಣದವರೆಗೆ ಹೋಗಿ ಬಂದಳು. ಮತ್ತೆ ಹೋದಳು. ನಿಲ್ದಾಣದಲ್ಲಿ ಕೂತಿದ್ದ ಮುದುಕರೊಬ್ಬರು ಎರಡನೇ ಸಲ ಅವಳನ್ನು ನೋಡಿ, "ಏನಮ್ಮಾ, ಏನಾದ್ರೂ ಕಳ್ಕೊಂಡ್ಯಾ?" ಅಂದರು. ಅವಳು ತಿರುಗಿ ಅಂಗಡಿಯ ಕಡೆ ನಡೆದಳು.

ಹತ್ತೊಂಬತ್ತನೇ ವಯಸ್ಸಿನಲ್ಲಿ ಅವಳಿಗೆ ಸಂಗೀತ ಕಂಪನಿಯವರು ಇಟ್ಟ ಹೆಸರು ಮಿಂಚು. ಏಳೆಂಟು ವರ್ಷ ಆ ಹೆಸರು ಎಲ್ಲೆಲ್ಲೂ ಇತ್ತು. ಮಕ್ಕಳ ನೋಟ್‌ಬುಕ್ಕಿನ ರಟ್ಟಿನ ಮೇಲೆ, ಬಸ್ಸಿನ ಬೆನ್ನಿನ ಮೇಲೆ, ಶಾಂಪೂ ಬಾಟಲಿಯ ಮೇಲೆ. ಆಮೇಲೊಂದು ಸಂಜೆ, ದೊಡ್ಡ ಮೈದಾನದ ವೇದಿಕೆಯಲ್ಲಿ, ನೂರಾರು ಸಲ ಹಾಡಿದ್ದ ತನ್ನದೇ ಹಾಡಿನ ಎರಡನೇ ಚರಣ ಅವಳಿಗೆ ಮರೆತುಹೋಯಿತು. ವಾದ್ಯಗಳು ನುಡಿಯುತ್ತಲೇ ಇದ್ದವು. ಅವಳು ಮೈಕ್ ಹಿಡಿದು ನಲವತ್ತು ಸೆಕೆಂಡು ಸುಮ್ಮನೆ ನಿಂತಳು. ಆ ನಲವತ್ತು ಸೆಕೆಂಡಿನ ವಿಡಿಯೋ ಅವಳ ಎಲ್ಲ ಹಾಡುಗಳಿಗಿಂತ ಹೆಚ್ಚು ಜನರನ್ನು ಮುಟ್ಟಿತು. ಅದಕ್ಕೆ ಕೋಳಿ ಕೂಗುವ ಸದ್ದು ಸೇರಿಸಿ ನಕ್ಕವರಿದ್ದರು. ಮುಂದಿನ ಕಾರ್ಯಕ್ರಮದಲ್ಲಿ ಹೆದರಿಕೆಗೇ ಮತ್ತೊಂದು ಸಾಲು ತಪ್ಪಿತು. ಅದರ ಮುಂದಿನದಕ್ಕೆ ಅವಳು ಹೋಗಲೇ ಇಲ್ಲ. ಹದಿನೈದು ದಿನಕ್ಕೆಂದು ಒಂದು ಚೀಲ ಹಿಡಿದು ಅಕ್ಕನ ಮನೆಗೆ ಬಂದವಳು ಹನ್ನೊಂದು ವರ್ಷ ಉಳಿದಳು.

ಅಕ್ಕನದು ಬಟ್ಟೆ ಸರಿಪಡಿಸುವ ಅಂಗಡಿ. ಝಿಪ್ ಹಾಕುವುದು, ಅಂಚು ಮಡಿಸುವುದು, ಸೊಂಟ ಬಿಗಿ ಮಾಡುವುದು, ಸಡಿಲ ಮಾಡುವುದು. ಕೆಳಗೆ ಅಂಗಡಿ, ಮೇಲೆ ಮೂರು ಕೋಣೆಯ ಮನೆ. ಭಾವ ಲಿಫ್ಟ್ ರಿಪೇರಿ ಮಾಡುತ್ತಿದ್ದವರು. ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡವರ ಜೊತೆ ಬಾಗಿಲ ಸಂದಿಯಿಂದ ಮಾತಾಡಿ, ನಗಿಸಿ, ಅವರ ಗಾಬರಿ ಇಳಿಸಿ, ಆಮೇಲೆ ಲಿಫ್ಟ್ ಇಳಿಸುವುದರಲ್ಲಿ ಅವರದು ಎತ್ತಿದ ಕೈ. ಮನೆಯಲ್ಲೂ ಬಾಯಿಗೆ ಬೀಗವಿರಲಿಲ್ಲ. ಅಕ್ಕನನ್ನು 'ಟೇಲರಮ್ಮ' ಅಂತಲೇ ಕರೆಯುತ್ತಿದ್ದರು. ಪ್ರತಿ ಹೊಸ ವರ್ಷಕ್ಕೂ ನಾದಿನಿಯ ಕೋಣೆಯ ಬಾಗಿಲು ತಟ್ಟಿ, "ಏನಮ್ಮಾ, ಹದಿನೈದು ದಿನ ಆಯ್ತಾ?" ಎಂದು ಕೇಳುತ್ತಿದ್ದರು.

ಎರಡು ವರ್ಷದ ಹಿಂದೆ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಉಳಿದದ್ದು ಒಂದೇ ಶಬ್ದ, 'ಆಯ್ತು'. ನೀರು ಬೇಕಾದರೂ ಆಯ್ತು, ಬೇಡವಾದರೂ ಆಯ್ತು, ಸಿಟ್ಟು ನೆತ್ತಿಗೇರಿದರೂ ಆಯ್ತು. ಎಲ್ಲ ಗೊತ್ತಾಗುತ್ತಿತ್ತು ಅವರಿಗೆ. ಬಾಯಿಗೆ ಬರುತ್ತಿರಲಿಲ್ಲ, ಅಷ್ಟೆ.

ಅಕ್ಕ ಒಂದು ಹಳೆಯ ಕೋಟಿಗೆ ಆರು ದೊಡ್ಡ ಗುಂಡಿ ಹೊಲಿದಿದ್ದಳು. ದಿನಾ ಸಂಜೆ ಅಂಗಡಿಯ ಷಟರ್ ಎಳೆದು ಮೇಲೆ ಬಂದು ಅದನ್ನು ಗಂಡನಿಗೆ ತೊಡಿಸುವಳು. ಕೈಗೆ ಅಭ್ಯಾಸವಾಗಲೆಂದು ಅವರೇ ಗುಂಡಿ ಹಾಕಬೇಕು. ಒಂದು ಗುಂಡಿಗೆ ಹತ್ತು ನಿಮಿಷ ಹಿಡಿಯುತ್ತಿತ್ತು. ಎರಡೋ ಮೂರೋ ಆಗುವಷ್ಟರಲ್ಲಿ ಅವರ ಹಣೆಯೆಲ್ಲ ಬೆವರು. ಆಗ ಅಕ್ಕ ಕೋಟು ತೆಗೆಯುತ್ತ, ದಿನವೂ ಒಂದೇ ದನಿಯಲ್ಲಿ, "ಇವತ್ತಿಗೆ ಇಷ್ಟು ಸಾಕು ರೀ, ಮಿಕ್ಕಿದ್ದು ನಾಳೆಗಿರ್ಲಿ," ಅನ್ನುತ್ತಿದ್ದಳು. ಗೋಡೆಯಾಚೆ ತಂಗಿಯ ಕೋಣೆ. ಗೋಡೆ ತೆಳು. ಎರಡು ವರ್ಷ ಆ ಮಾತು ಅವಳಿಗೆ ದಿನದ ಕೊನೆಯ ಗಂಟೆಯಂತೆ ಕೇಳಿಸಿತು.

ಅವಳ ಜೊತೆ ಮೊದಲು ಕೀಬೋರ್ಡ್ ನುಡಿಸುತ್ತಿದ್ದ, ಎಲ್ಲರೂ 'ಗಡ್ಡ' ಎಂದೇ ಕರೆಯುತ್ತಿದ್ದವನು, ಜಾಕೆಟ್ಟಿನ ಝಿಪ್ ಹಾಕಿಸಲು ಅಂಗಡಿಗೆ ಬಂದದ್ದೇ ಎಲ್ಲದಕ್ಕೂ ನೆಪ. ಅವನು ಗಡ್ಡ ಬೋಳಿಸಿ ಹತ್ತು ವರ್ಷವಾಗಿದ್ದರೂ ಹೆಸರು ಬಿಟ್ಟಿರಲಿಲ್ಲ. "ಹೊಸದು ಏನಾದ್ರೂ ಇದ್ಯಾ ಮಿಂಚು?" ಎಂದು ಸುಮ್ಮನೆ ಕೇಳಿದ. ಅವಳು ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತ ಒಂದು ಸಾಲು ಗುನುಗಿದಳು. ಗುನುಗಿದ ಮೇಲೆಯೇ ಅದು ಯಾರ ಸಾಲೆಂದು ಅವಳಿಗೆ ಹೊಳೆದದ್ದು.

"ಎಲ್ಲಿ ಸಿಕ್ತು ಇದು?" ಅಂದ ಗಡ್ಡ, ಕಣ್ಣು ಕಿರಿದು ಮಾಡಿ.

"ಹೀಗೇ, ತಲೆಗೆ ಬಂತು."

ಐದು ಭಾನುವಾರ ಗಡ್ಡನ ಮನೆಯ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಕಂಬಳಿ ಹೊದಿಸಿ, ಹಾಡು ರೆಕಾರ್ಡ್ ಆಯಿತು. ಅಕ್ಕನ ಮಾತಿನಿಂದ ಅವಳು 'ರೀ' ಒಂದನ್ನು ಬಿಟ್ಟಿದ್ದಳು. ಉಳಿದದ್ದೆಲ್ಲ ಹಾಗೇ ಇತ್ತು. ಅಕ್ಕನಿಗೆ ಕೇಳಿಸಬೇಕು, ಕೇಳಿಸಬೇಕು ಎಂದು ಹಲವು ಸಲ ಮೊಬೈಲ್ ಹಿಡಿದು ಹತ್ತಿರ ಹೋದಳು. ಒಮ್ಮೆ ಅಕ್ಕನ ಬಾಯಲ್ಲಿ ಗುಂಡುಸೂಜಿಗಳಿದ್ದವು. ಒಮ್ಮೆ ಭಾವನ ಮಾತ್ರೆಯ ಹೊತ್ತು. ಒಮ್ಮೆ ಅಕ್ಕನೇ, "ನಿನ್ನ ಹಾಡೆಲ್ಲ ನಂಗೇನು ಗೊತ್ತಾಗುತ್ತೆ ಮಾರಾಯ್ತಿ, ಚೆನ್ನಾಗೇ ಇರುತ್ತೆ ಬಿಡು," ಅಂದಳು. ಅಲ್ಲಿಗೆ ಅವಳ ಧೈರ್ಯ ಮುಗಿಯಿತು.

ಹತ್ತು ಗಂಟೆಗೆ ಹಾಡು ಬಂತು. ಏನೂ ಆಗಲಿಲ್ಲ. ಸಂಜೆಯ ಹೊತ್ತಿಗೆ ಜನ ಅದನ್ನು ಮುನ್ನೂರು ಸಲ ಕೇಳಿದ್ದರು. "ಅದರಲ್ಲಿ ನಲವತ್ತು ಸಲ ನಾನೇ ಒತ್ತಿದ್ದು," ಎಂದು ಗಡ್ಡ ಫೋನಿನಲ್ಲಿ ಒಪ್ಪಿಕೊಂಡ.

ನಾಲ್ಕನೇ ದಿನ ಲಂಗ ತೆಗೆದುಕೊಂಡು ಹೋಗಲು ಬಂದ ಟೀಚರೊಬ್ಬರು, "ಇದು ನಿಮ್ಮ ತಂಗಿ ಹಾಡಲ್ವಾ?" ಎನ್ನುತ್ತ ಮೊಬೈಲನ್ನು ಕೌಂಟರಿನ ಮೇಲಿಟ್ಟು ಹಾಡು ಹಚ್ಚಿಯೇಬಿಟ್ಟರು. ಅವಳು ಒಳಗೆ ಮಷೀನಿನ ಮುಂದೆ, ಇವರಿಗೆ ಬೆನ್ನು ಮಾಡಿ ಕೂತಿದ್ದಳು. ಕಾಲು ಪೆಡಲಿನ ಮೇಲೆ ಹಾಗೇ ನಿಂತಿತು. ಪಲ್ಲವಿ ಬಂತು. 'ಇವತ್ತಿಗೆ ಇಷ್ಟು ಸಾಕು, ಮಿಕ್ಕಿದ್ದು ನಾಳೆಗಿರ್ಲಿ.' ಇಸ್ತ್ರಿ ಪೆಟ್ಟಿಗೆಯನ್ನು ಅಕ್ಕ ನೆಟ್ಟಗೆ ನಿಲ್ಲಿಸಿದ ಸದ್ದು ಕೇಳಿತು. ಹಾಡು ಪೂರ್ತಿ ಮುಗಿಯಿತು.

"ಚೆನ್ನಾಗಿದೆ," ಅಂದಳು ಅಕ್ಕ. ಲಂಗವನ್ನು ಮಡಿಸಿ ಕವರಿಗೆ ಹಾಕಿಕೊಟ್ಟಳು.

ಅಂದು ಸಂಜೆ ತಂಗಿ ಗೋಡೆಗೆ ಕಿವಿಯೊಡ್ಡಿ ಕೂತಳು. ಕುರ್ಚಿ ಎಳೆದದ್ದು ಕೇಳಿತು. ಭಾವನ ಉಸಿರು, ಅವರ 'ಆಯ್ತು', ಕೋಟನ್ನು ಮೊಳೆಗೆ ತೂಗುಹಾಕಿದ ಸದ್ದು, ಆಮೇಲೆ ಸ್ವಿಚ್ ಒತ್ತಿದ್ದು. ಆ ಮಾತು ಮಾತ್ರ ಬರಲಿಲ್ಲ. ಮರುದಿನವೂ ಬರಲಿಲ್ಲ.

ಸೋಮವಾರ ಸಂಜೆ ನಾಲ್ಕಕ್ಕೆ ವಾರದ ನೂರು ಹಾಡುಗಳ ಪಟ್ಟಿ ಬರುತ್ತಿತ್ತು. ಎರಡನೇ ಸೋಮವಾರ ಅವಳ ಹಾಡು ಎಂಬತ್ತೆಂಟರಲ್ಲಿತ್ತು. ಗಡ್ಡ ಬೀದಿಯಲ್ಲೇ ಕುಣಿದ. ಆಮೇಲೆ ನಡೆದದ್ದು ಯಾರ ಲೆಕ್ಕದಲ್ಲೂ ಇರಲಿಲ್ಲ. ಎಲ್ಲೋ ಒಬ್ಬ ಪೇಂಟರು ಅರ್ಧ ಬಣ್ಣ ಬಳಿದ ಗೋಡೆಯ ಮುಂದೆ ಬ್ರಷ್ ಕೆಳಗಿಟ್ಟು, ಕೈ ಒರೆಸಿಕೊಂಡು ಹೊರಟುಹೋಗುವ ವಿಡಿಯೋಗೆ ಈ ಹಾಡು ಹಾಕಿದ. ಅದನ್ನು ನೋಡಿ ಒಬ್ಬ ಹೆಂಗಸು ಅರ್ಧ ಹೆಣೆದ ಸ್ವೆಟರ್ ಹಾಕಿದಳು. ಒಬ್ಬ ಮುದುಕ ಅರ್ಧ ಅಗೆದ ತೋಟ, ವಿದ್ಯಾರ್ಥಿಗಳು ಅರ್ಧ ಓದಿದ ಪುಸ್ತಕ, ಒಂದು ಆಸ್ಪತ್ರೆಯ ನರ್ಸುಗಳು ಪಾಳಿ ಮುಗಿಸಿ ಚಪ್ಪಲಿ ಬದಲಿಸುತ್ತಿರುವುದು. ಊರಿಗೆ ಊರೇ ಮುಗಿಯದ ಕೆಲಸವನ್ನು ತೋರಿಸತೊಡಗಿತು. ಹಾಡು ನಲವತ್ತಕ್ಕೆ ಬಂತು, ಹನ್ನೆರಡಕ್ಕೆ ಬಂತು, ಮೂರಕ್ಕೆ ಬಂತು.

ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮೊಬೈಲನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿ, ಐದು ನಿಮಿಷಕ್ಕೆ ಬೀಗ ತೆಗೆಯುವಳು. ಊಟದ ತಟ್ಟೆ ಹಿಡಿದುಕೊಂಡೇ ಕೋಣೆಯಿಂದ ಕೋಣೆಗೆ ತಿರುಗುವಳು. ಕಂಪನಿಯಿಂದ ಒಬ್ಬಳು ಮ್ಯಾನೇಜರ್ ಬಂದಳು. ಚುರುಕು ಹುಡುಗಿ, ಎರಡು ಫೋನಿನಲ್ಲಿ ಒಟ್ಟಿಗೆ ಮಾತಾಡುವಳು. ಸಂದರ್ಶನಗಳು, ಫೋಟೋಗಳು, ಶನಿವಾರದ ಟಿವಿ ಕಾರ್ಯಕ್ರಮ ಎಂದು ಪಟ್ಟಿ ಕೊಟ್ಟಳು. "ಮೇಡಂ, ಹಾಸಿಗೆ ಕಂಪನಿಯೊಂದು ಜಾಹೀರಾತಿಗೆ ಈ ಸಾಲನ್ನ ಕೇಳ್ತಿದೆ. ಇವತ್ತಿಗೆ ಇಷ್ಟು ಸಾಕು ಅಂತ ಬಂದು ಹಾಸಿಗೆ ಮೇಲೆ ಬೀಳೋದು. ಸಖತ್ತಾಗಿರುತ್ತೆ!" ಅವಳು ಯೋಚಿಸಿ ಹೇಳುತ್ತೇನೆಂದಳು.

ಅಂಗಡಿಗೆ ಬರುವವರೆಲ್ಲ ಈಗ ಒಂದೇ ತಮಾಷೆ ಮಾಡುತ್ತಿದ್ದರು. ಕೋಟಿನ ತೋಳು ಇನ್ನೂ ಆಗಿಲ್ಲವೆಂದರೆ ಸಾಕು, "ಅಂದ್ರೆ ಇವತ್ತಿಗೆ ಇಷ್ಟು ಸಾಕು ಅಂತೀರಾ!" ಎಂದು ನಗುವರು. ಅಕ್ಕನೂ ತುಟಿಯಂಚಿನಲ್ಲಿ ನಗುವಳು. ಆ ನಗು ಕಣ್ಣಿನವರೆಗೆ ಹೋಗುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ, ಅಂಗಡಿ ಮುಚ್ಚಿದ್ದಾಗ, ಅಕ್ಕ ಮಷೀನುಗಳಿಗೆ ಎಣ್ಣೆ ಬಿಡುತ್ತಿದ್ದಳು. ತಂಗಿ ಎದುರಿಗೆ ಹೋಗಿ ನಿಂತಳು.

"ಅಕ್ಕಾ, ನೀನು ಸಂಜೆ ಹೊತ್ತು ಭಾವಂಗೆ ಆ ಮಾತು ಹೇಳ್ತಾನೇ ಇಲ್ಲ."

"ಯಾವ ಮಾತು?"

"ಗೊತ್ತಿಲ್ದೋರ ಥರ ಕೇಳ್ಬೇಡ."

ಅಕ್ಕ ಎಣ್ಣೆಯ ಬುಡ್ಡಿ ಕೆಳಗಿಟ್ಟಳು. "ಹೇಗೆ ಹೇಳ್ಲಿ ಪುಟ್ಟಿ? ಮೊನ್ನೆ ಬಾಯಿ ತೆಗೆದೆ. ಮೊದ್ಲೆರಡು ಶಬ್ದ ಬಂತು ನೋಡು, ಹಿಂದಿಂದೇ ನಿನ್ನ ಗಿಟಾರು, ಡ್ರಮ್ಮು ಎಲ್ಲ ಕಿವೀಲಿ ಶುರುವಾಯ್ತು. ಅವರೂ ಹಂಗೇ ನನ್ನ ಮುಖ ನೋಡಿದ್ರು. ನಾನೇ ರೇಡಿಯೋ ಹಾಡನ್ನ ಹೇಳ್ತಿದೀನೇನೋ ಅನ್ನಿಸ್ತು. ಸುಮ್ಮನಾಗ್ಬಿಟ್ಟೆ."

"ನಾನು ಕದ್ದೆ ಅಂತೀಯಾ?"

"ಕದ್ದೆ ಅನ್ನಲ್ಲ. ಕೇಳಿದ್ರೆ ಕೊಡ್ತಿದ್ದೆ. ನೀನು ಕೇಳ್ಲಿಲ್ಲ, ಅಷ್ಟೇ." ಎಣ್ಣೆಯ ಕೈ ಒರೆಸಿಕೊಳ್ಳುತ್ತ ಸೇರಿಸಿದಳು, "ಅದೂ 'ರೀ' ಒಂದನ್ನ ಹುಷಾರಾಗಿ ಕಿತ್ತು ಪಕ್ಕಕ್ಕಿಟ್ಟಿದೀಯ."

"ಕೇಳಿದ್ರೆ ಬೇಡ ಅಂದ್ಬಿಡ್ತೀಯೇನೋ ಅಂತ ಹೆದ್ರಿಕೊಂಡೆ. ಹನ್ನೊಂದು ವರ್ಷಕ್ಕೆ ಬಂದಿದ್ದು ಅದೊಂದೇ ಸಾಲು ಅಕ್ಕಾ. ಅದೂ ಹೋದ್ರೆ..."

"ಹೂಂ," ಅಂದಳು ಅಕ್ಕ. ಮತ್ತೆ ಬುಡ್ಡಿ ಎತ್ತಿಕೊಂಡಳು. ಜಗಳವಾಡಿದ್ದರೆ ಎಷ್ಟೋ ವಾಸಿಯಾಗಿತ್ತು. ತಂಗಿ ಹಾಸಿಗೆ ಕಂಪನಿಯ ವಿಷಯ ಹೇಳಿದಳು. ಅಕ್ಕ ತಲೆಯೆತ್ತದೆ, "ಈಗಾದ್ರೂ ಕೇಳ್ತಿದೀಯಲ್ಲ. ಬೇಡ ಅನ್ನು," ಅಂದಳು. ಅವಳು ಅಲ್ಲೇ ನಿಂತು ಮ್ಯಾನೇಜರಿಗೆ ಬೇಡವೆಂದು ಸಂದೇಶ ಕಳಿಸಿದಳು. ಮನಸ್ಸಿನ ಭಾರ ಎಳ್ಳಷ್ಟೂ ಇಳಿಯಲಿಲ್ಲ.

ಮರುದಿನ ಸೋಮವಾರ. ಮೂರೂವರೆಗೇ ಅಂಗಡಿಯ ಮುಂದೆ ಎರಡು ಕ್ಯಾಮೆರಾ ಬಂದು ನಿಂತವು. ಒಂದನೇ ಸ್ಥಾನ ಖಾತ್ರಿಯೆಂದು ಮ್ಯಾನೇಜರಿಗೆ ಮೊದಲೇ ಸುಳಿವು ಸಿಕ್ಕಿತ್ತು. ಗಡ್ಡ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಅವಳು ಮುಖ ತೊಳೆದು ಬರುತ್ತೇನೆಂದು ಮೆಟ್ಟಿಲು ಹತ್ತಿದಳು. ಅಕ್ಕ ಮೇಲೆ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಭಾವ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಎಡಗೈಯಲ್ಲಿ ರೇಡಿಯೋದ ಗುಬುಟು ತಿರುಗಿಸುತ್ತಿದ್ದರು.

ನಾಲ್ಕು ಗಂಟೆಗೆ ರೇಡಿಯೋದವನು ಅವಳ ಹೆಸರು ಹೇಳಿದ. ಕೆಳಗಿನಿಂದ ಗಡ್ಡನ ಕೂಗು, ಚಪ್ಪಾಳೆ. ಹಾಡು ಶುರುವಾಯಿತು. ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಸಂತೋಷವಾಗಬೇಕೆಂದು ಕಾದಳು. ಆಗ ಪಲ್ಲವಿ ಬಂತು. ಅದರ ಜೊತೆಗೆ ಇನ್ನೊಂದು ದನಿಯೂ ಬಂತು. ತುಕ್ಕು ಹಿಡಿದ, ಗೊಗ್ಗರು ದನಿ.

'ಇವತ್ತಿಗೆ... ಇಷ್ಟು ಸಾಕು...'

ಭಾವ ಹಾಡುತ್ತಿದ್ದರು. ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು. 'ಮಿಕ್ಕಿದ್ದು ನಾಳೆಗಿರ್ಲಿ.' ಅವರಿಗೇ ನಂಬಿಕೆ ಬಾರದೆ ಕಣ್ಣು ಅಗಲವಾಗಿತ್ತು. ಮತ್ತೆ ಪಲ್ಲವಿ ಬಂದಾಗ ಮತ್ತೆ ಹಾಡಿದರು, ಈ ಸಲ ಜೋರಾಗಿ, ಕಣ್ಣಿಂದ ನೀರು ಸುರಿಸುತ್ತ.

ಅಕ್ಕನ ಕೈಯಲ್ಲಿದ್ದ ದಿಂಬಿನ ಹೊದಿಕೆ ನೆಲಕ್ಕೆ ಬಿತ್ತು. ಅವಳು ಹೋಗಿ ರೇಡಿಯೋ ಆರಿಸಿದಳು. ಹಾಡು ನಿಂತಿತು, ಭಾವ ನಿಲ್ಲಲಿಲ್ಲ. ಅದೇ ಸಾಲನ್ನು ಮತ್ತೆ ಹಾಡಿದರು. ಅಕ್ಕ ಅವರ ಮುಂದೆ ಮಂಡಿಯೂರಿ, ಅವರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ಇನ್ನೇನಾದ್ರೂ ಹೇಳಿ ರೀ. ನನ್ನ ಕರೀರಿ. ಟೇಲರಮ್ಮ ಅನ್ನಿ, ಒಂದು ಸಲ," ಅಂದಳು.

ಅವರ ತುಟಿಗಳು ಒದ್ದಾಡಿದವು. "ಆಯ್ತು," ಅಂದರು. "ಆಯ್ತು. ಆಯ್ತು."

ಅಕ್ಕ ಎದ್ದಳು. ಮುಖ ಕೆಂಪಾಗಿತ್ತು, ಕಣ್ಣು ತುಂಬಿತ್ತು. "ಎರಡು ವರ್ಷ," ಅಂದಳು ತಂಗಿಯ ಕಡೆ ತಿರುಗಿ. "ದಿನಾ ಸಂಜೆ ಇವರ ಕಿವಿ ಹತ್ರ ಕೂತು ಇದೇ ಮಾತು ಹೇಳಿದೀನಿ. ನಂಗೆ ಬಂದಿದ್ದು 'ಆಯ್ತು' ಒಂದೇ. ರೇಡಿಯೋಗೆ ಬಂದಿದ್ದು ಪೂರ್ತಿ ಹಾಡು!" ದಡದಡ ಮೆಟ್ಟಿಲಿಳಿದು, ಕ್ಯಾಮೆರಾಗಳ ನಡುವೆ ನುಗ್ಗಿ, ಬೀದಿಯಲ್ಲಿ ಎಲ್ಲಿಗೋ ನಡೆದುಬಿಟ್ಟಳು. ಕ್ಯಾಮೆರಾದವರು ಅದನ್ನು ಸಂತೋಷದ ಕಣ್ಣೀರೆಂದು ತಿಳಿದರು.

ತಂಗಿ ಕೆಳಗೆ ಬಂದು ಮುಗುಳ್ನಗೆ ಹೊತ್ತು ಕಾಲು ಗಂಟೆ ಪ್ರಶ್ನೆಗಳಿಗೆ ಉತ್ತರ ಕೊಟ್ಟಳು. "ಒಂದನೇ ಸ್ಥಾನ ಹೇಗನ್ನಿಸ್ತಿದೆ?" ಎಂದು ಒಬ್ಬ ಕೇಳಿದ. ಮೇಲಿನ ಕಿಟಕಿಯಿಂದ ಭಾವನ ದನಿ ಮತ್ತೆ ಮತ್ತೆ ಅದೇ ಸಾಲನ್ನು ಹಾಡುವುದು ಕೇಳಿಸುತ್ತಿತ್ತು. "ಕಾಲು ನೆಲದ ಮೇಲಿಲ್ಲ," ಅಂದಳು. ಅದು ನಿಜವೂ ಆಗಿತ್ತು, ಅವರು ತಿಳಿದ ಅರ್ಥದಲ್ಲಲ್ಲ.

ಅಕ್ಕ ಕತ್ತಲಾಗುವ ಮುನ್ನ ವಾಪಸು ಬಂದಳು. ನೇರ ಒಳಗೆ ಹೋಗಿ ಅಡುಗೆಗಿಟ್ಟಳು. ಮರುದಿನ ಬೆಳಿಗ್ಗೆ, ತಂಗಿಯೇ ಫೋನ್ ಮಾಡಿ ಕರೆಸಿದ್ದರಿಂದ, ಮಾತು ಕಲಿಸುವ ಥೆರಪಿ ಮೇಡಂ ಬಂದರು. ಐವತ್ತರ ಆಸುಪಾಸಿನ ಹೆಂಗಸು, ಚೀಲದ ತುಂಬ ಚಿತ್ರದ ಕಾರ್ಡುಗಳು. ಭಾವನಿಂದ ಹಾಡಿಸಿ ಕೇಳಿದರು. ಮೇಜು ತಟ್ಟುತ್ತ ಮತ್ತೆ ಹಾಡಿಸಿದರು.

"ಇದು ಪವಾಡ ಅಲ್ಲ. ಕೆಲವರಿಗೆ ಹೀಗಾಗುತ್ತೆ," ಅಂದರು. "ಮಾತಿನ ದಾರಿ ಕೆಟ್ಟಿದೆ, ಹಾಡಿನ ದಾರಿ ಇನ್ನೂ ಚೆನ್ನಾಗಿದೆ. ಅದೇ ದಾರೀಲಿ ಸಣ್ಣ ಸಣ್ಣ ಮಾತನ್ನ ಕಳಿಸಿ ನೋಡೋಣ. ನೀರು ಬೇಕು, ಕಿಟಕಿ ತೆಗಿ, ಹೀಗೆ. ಒಂದೊಂದಕ್ಕೂ ಒಂದೊಂದು ರಾಗ. ತಿಂಗಳುಗಟ್ಟಲೆ ಹಿಡಿಬಹುದು. ಆಗದೆಯೂ ಇರ್ಬಹುದು." ಅಕ್ಕನ ಕಡೆ ನೋಡಿದರು. "ನೀವು ಹೇಳಿಕೊಟ್ಟ ಮಾತೇ ಅಲ್ವೇನಮ್ಮಾ ಅದು? ಎರಡು ವರ್ಷ ಕೇಳಿ ಕೇಳಿ ಒಳಗೆ ಕೂತಿತ್ತು. ರಾಗ ಅದನ್ನ ಹೊರಗೆ ಎಳೀತು. ರಾಗ ಒಂದೇ ಇದ್ದಿದ್ರೆ ಆಗ್ತಿರ್ಲಿಲ್ಲ."

ಅಕ್ಕ ಮೇಡಂಗೆ ಟೀ ಕೊಟ್ಟಳು. ಕುಡಿದ ಮೇಲೆ ಇನ್ನೊಂದು ಲೋಟ ಕೊಟ್ಟಳು.

ಆ ವಾರ ಮಿಂಚು ಎಂಬ ಗಾಯಕಿ ಯಾರ ಕೈಗೂ ಸಿಗಲಿಲ್ಲ. ಮೂರು ಸಂದರ್ಶನ ತಪ್ಪಿದವು. ಮ್ಯಾನೇಜರ್ ಫೋನಿನಲ್ಲಿ ಹೆಚ್ಚುಕಡಿಮೆ ಅಳುತ್ತಿದ್ದಳು. "ಮೇಡಂ, ಎಲ್ಲರೂ ಒಂದನೇ ಸ್ಥಾನಕ್ಕೆ ಬರೋಕೆ ಸಾಯ್ತಾರೆ. ನೀವು ಬಂದ್ಮೇಲೆ ಬಚ್ಚಿಟ್ಕೊಂಡಿದೀರ!" ಅವಳು ಭಾವನ ಕುರ್ಚಿಯ ಪಕ್ಕ ಸ್ಟೂಲು ಹಾಕಿಕೊಂಡು 'ನೀರು ಬೇಕು' ಎಂಬ ಮಾತಿಗೆ ರಾಗ ಹುಡುಕುತ್ತಿದ್ದಳು. ಮೊದಲು ಮಾಡಿದ್ದು ತುಂಬ ಚಂದವಾಗಿಬಿಟ್ಟಿತು, ಅವರಿಗೆ ಹತ್ತಲಾಗಲಿಲ್ಲ. ಬಿಸಾಕಿದಳು. ಎರಡೇ ಸ್ವರದ್ದು ಮಾಡಿದಳು. ಅವರ ಎಡಗೈ ಹಿಡಿದು ತೊಡೆಯ ಮೇಲೆ ತಾಳ ಹಾಕಿಸಿದಳು. ಬುಧವಾರ 'ನೀರು' ಬಂತು. ಶುಕ್ರವಾರ 'ನೀರು ಬೇಕು' ಬಂತು. ನೀರು ತಂದುಕೊಟ್ಟರೆ ಭಾವ ಕುಡಿಯದೆ ಲೋಟವನ್ನೇ ನೋಡುತ್ತ ಕೂತರು.

ಶನಿವಾರ ಟಿವಿ ಕಾರ್ಯಕ್ರಮ. ಅದನ್ನು ತಪ್ಪಿಸಿದರೆ ತಾನು ಕೆಲಸ ಬಿಡುತ್ತೇನೆಂದು ಮ್ಯಾನೇಜರ್ ಹೇಳಿದ್ದಳು. ಮೇಕಪ್ ಕೋಣೆಯಲ್ಲಿ ಅವಳು ಎರಡನೇ ಚರಣವನ್ನು ಅಂಗೈ ಮೇಲೆ ಬರೆದುಕೊಂಡಳು. ಬೆವರಿಗೆ ಅದು ಅಳಿಸಿತು. ಮತ್ತೆ ಬರೆದಳು. ವೇದಿಕೆಯಲ್ಲಿ ಮೊದಲ ಚರಣ ಮುಗಿಯುವಾಗ ಹಳೆಯ ಭಯ ಮರಳಿ ಬಂತು. ಎರಡನೇ ಚರಣದಲ್ಲಿ ಒಂದು ಸಾಲು ಕೈಕೊಟ್ಟಿತು. ಅವಳು ಅದರ ಜಾಗದಲ್ಲಿ ಮೊದಲ ಚರಣದ ಸಾಲನ್ನೇ ಹಾಕಿ ಮುಂದೆ ಹೋದಳು. ಗಡ್ಡನಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಾಗಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಷ್ಟಕ್ಕೇ ಹನ್ನೊಂದು ವರ್ಷ ಹೋಯಿತೇ ಎಂದು ವಾಪಸು ಬರುವ ಕಾರಿನಲ್ಲಿ ಅವಳಿಗೆ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯಲಿಲ್ಲ.

ಇನ್ನೊಂದು ವಾರ ಕಳೆಯಿತು. ಹಾಡು ಒಂದನೇ ಸ್ಥಾನದಲ್ಲೇ ಇತ್ತು. ಭಾವನಿಗೆ ಐದು ಮಾತು ಬಂದವು. ನೀರು ಬೇಕು, ಕಿಟಕಿ ತೆಗಿ, ಸುಸ್ತಾಗಿದೆ, ಬೇಡ, ಆಮೇಲೆ ಟೇಲರಮ್ಮ. ಕೊನೆಯದನ್ನು ತಂಗಿ ಗುಟ್ಟಾಗಿ ಕಲಿಸಿದಳು. ಅದಕ್ಕೆ ಕರೆಗಂಟೆಯಂಥ ಮೂರು ಸ್ವರದ ರಾಗ ಹಾಕಿದ್ದಳು. ಭಾವ ಮೊದಲ ಸಲ ಅದನ್ನು ಕರೆದಾಗ ಅಕ್ಕ ಕೆಳಗೆ ಅಂಗಡಿಯಲ್ಲಿ ಒಬ್ಬ ದಪ್ಪ ಗಿರಾಕಿಯ ಸೊಂಟದ ಅಳತೆ ತೆಗೆಯುತ್ತಿದ್ದಳು. ಟೇಪನ್ನು ಅವನ ಸೊಂಟಕ್ಕೇ ಬಿಟ್ಟು ಮೇಲೆ ಓಡಿಬಂದಳು. ಅವನು ಹದಿನೈದು ನಿಮಿಷ ಕೈ ಎತ್ತಿಕೊಂಡೇ ನಿಂತಿದ್ದ.

ಆದರೂ ಅಕ್ಕ ಪಾಠಕ್ಕೆ ಕೂರಲು ಒಪ್ಪಿರಲಿಲ್ಲ. "ನನ್ನ ಗಂಟಲು ಕತ್ತರಿ ಸಾಣೆ ಹಿಡ್ದಂಗಿದೆ. ಇರೋ ಐದು ಮಾತೂ ಓಡಿಹೋಗ್ತವೆ," ಅನ್ನುತ್ತಿದ್ದಳು. ಮನೆಯವರೇ ಮಾಡಬೇಕು, ತಂಗಿ ಊರೂರು ಸುತ್ತಲು ಹೋದರೆ ಯಾರು ಗತಿ ಎಂದು ಥೆರಪಿ ಮೇಡಂ ಗದರಿದರು. ಕೊನೆಗೆ ಒಂದು ಬೆಳಿಗ್ಗೆ ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತಳು. ಗಂಡನ ಕೈ ಹಿಡಿದಳು. ಗಂಟಲು ಸರಿಪಡಿಸಿಕೊಂಡು, ಕಣ್ಣು ಮುಚ್ಚಿ, 'ಕಿಟಕಿ ತೆಗಿ' ಎಂದು ಹಾಡಿದಳು.

ಅದು ನಿಜಕ್ಕೂ ಕೆಟ್ಟದಾಗಿತ್ತು. ತಂಗಿ ತುಟಿ ಕಚ್ಚಿ ಗೋಡೆ ನೋಡಿದಳು. ಅಕ್ಕ ಮತ್ತೊಮ್ಮೆ ಹಾಡಿದಳು, ಇನ್ನೊಂದು ಸ್ವರ ಮೇಲಿಂದ. ಭಾವ ಹೆಂಡತಿಯ ಮುಖ ನೋಡಿದರು. ಆಮೇಲೆ ಅವಳ ಕೈಯಿಂದ ತಮ್ಮ ಎಡಗೈ ಬಿಡಿಸಿಕೊಂಡು ಒಂದು ಕಿವಿ ಮುಚ್ಚಿಕೊಂಡು, ನಿಧಾನವಾಗಿ, ಕಲಿಸಿದ ರಾಗದಲ್ಲೇ, ಒಂದಕ್ಷರವೂ ತಪ್ಪದೆ ಹಾಡಿದರು: 'ಸುಸ್ತಾಗಿದೆ.'

ಅಕ್ಕ ಬಾಯಿ ತೆರೆದುಕೊಂಡು ಕೂತಳು. ಇದು ಪಾಠ ಒಪ್ಪಿಸಿದ್ದಲ್ಲ. ಇದು ಅವಳನ್ನು ರೇಗಿಸಿದ್ದು. ಎರಡು ವರ್ಷದಲ್ಲಿ ಮೊದಲ ಸಲ ಈ ಮನುಷ್ಯ ಅವಳನ್ನು ರೇಗಿಸಿದ್ದ.

"ಏನಂದ್ರಿ? ಸುಸ್ತಾ? ನಿಮ್ಮ ಗಂಟಲೇನು ಭಾರೀ ಗಂಟಲಾ?" ಎಂದು ಅವರ ಭುಜಕ್ಕೆ ಗುದ್ದಿದಳು. ಗುದ್ದಿದ ಕೈಯನ್ನು ಅಲ್ಲೇ ಇಟ್ಟು ನಗಲು ತೊಡಗಿದಳು. ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಭಾವ ಮೊಂಡು ಹುಡುಗನಂತೆ ಮತ್ತೆ 'ಸುಸ್ತಾಗಿದೆ' ಎಂದು ಹಾಡಿದರು. ತಂಗಿ ಮೆಲ್ಲಗೆ ಕೋಣೆಯಿಂದ ಹೊರಬಂದು ಮೆಟ್ಟಿಲ ಮೇಲೆ ಕೂತಳು. ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಅವಳು ಎತ್ತಲಿಲ್ಲ.

ಸ್ವಲ್ಪ ಹೊತ್ತಿಗೆ ಅಕ್ಕ ಮೂಗು ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತಳು.

"ಇನ್ನೂ ಬೇಜಾರಿದ್ಯಾ ಅಕ್ಕಾ?"

"ಇದೆ," ಅಂದಳು ಅಕ್ಕ. "ಬಸ್ಸಲ್ಲಿ ಯಾರೋ ಆ ಹಾಡು ಗುನುಗಿದ್ರೆ ಈಗ್ಲೂ ನನ್ನ ಮನೆ ಬಾಗಿಲು ತೆರೆದಿಟ್ಟಂಗಾಗುತ್ತೆ. ಅದು ಹೋಗಲ್ಲ ಬಿಡು. ಆದ್ರೆ ನೀನು ಹಾಡದೇ ಇದ್ದಿದ್ರೆ ಅಂತ ಅನ್ನೋಕೂ ಈಗ ಬಾಯಿ ಬರಲ್ಲ. ಎರಡೂ ನಿಜ. ಏನ್ಮಾಡ್ತೀಯ?"

ಹಾಡು ಐದು ವಾರ ಒಂದನೇ ಸ್ಥಾನದಲ್ಲಿತ್ತು. ಆರನೇ ವಾರ ಹದಿನೇಳು ವರ್ಷದ ಹುಡುಗಿಯೊಬ್ಬಳ ಹಾಡು ಬಂದು ಅದನ್ನು ಕೆಳಗೆ ತಳ್ಳಿತು. ಮುಂದಿನ ಹಾಡು ಯಾವಾಗ ಎಂದು ಕಂಪನಿಯವರು ಆಗಲೇ ಕೇಳತೊಡಗಿದ್ದರು. ಅವಳ ತಲೆಯಲ್ಲಿ ಒಂದು ಸಾಲೂ ಇರಲಿಲ್ಲ. ಎರಡು ತಿಂಗಳ ಊರೂರು ಕಾರ್ಯಕ್ರಮಕ್ಕೆ ಒಪ್ಪಿಕೊಂಡು ಹೊರಟಳು. ಬಾಗಿಲಲ್ಲಿ ಅಕ್ಕ ಅವಳ ಕೋಟಿನ ಒಳಜೇಬನ್ನು ಎಳೆದು ನೋಡಿ, ಹೊಲಿಗೆ ಗಟ್ಟಿ ಇದೆಯೆಂದು ಖಾತ್ರಿ ಮಾಡಿಕೊಂಡೇ ಬಿಟ್ಟಳು.

ಮೂರನೇ ವಾರ, ಎರಡು ಊರುಗಳ ನಡುವೆ, ವ್ಯಾನು ಪೆಟ್ರೋಲ್ ಬಂಕಿನಲ್ಲಿ ನಿಂತಿತ್ತು. ಅವಳು ಎಂದಿನಂತೆ ಚಡಪಡಿಸುತ್ತ ಬಂಕಿನ ಉದ್ದಕ್ಕೂ ಅಡ್ಡಾಡುತ್ತಿದ್ದಳು. ಆಗ ಅಕ್ಕನ ಧ್ವನಿ ಸಂದೇಶ ಬಂತು.

"ಪುಟ್ಟಿ, ನೋಡು, 'ಟಿವಿ ಸೌಂಡು ಕಮ್ಮಿ ಮಾಡು' ಅನ್ನೋಕೆ ಒಂದು ರಾಗ ಬೇಕು. ಬೇಗ ಕಳ್ಸು. ನಾನೇ ಒಂದು ಮಾಡಿ ನೋಡ್ದೆ. ಇವರು ಅದಕ್ಕೆ 'ಬೇಡ' ಅಂತ ಹಾಡಿದ್ರು. ಮತ್ತೆ, ಎತ್ತರದ್ದು ಬೇಡ, ನಂಗೂ ಹಾಡಕ್ಕೆ ಬರ್ಬೇಕು."

ಅವಳು ಅಲ್ಲೇ ಗಾಳಿ ತುಂಬುವ ಪಂಪಿನ ಪಕ್ಕ ನಿಂತು, ಕಾಲಿನಲ್ಲಿ ತಾಳ ಹಾಕುತ್ತ ಗುನುಗಿದಳು. 'ಸೌಂಡು' ಸರಿಯಾಗಿ ಕೂರಲಿಲ್ಲ. ಬದಲಾಯಿಸಿದಳು. ವ್ಯಾನಿನ ಕಿಟಕಿಯಿಂದ ಗಡ್ಡ ತಲೆ ಹೊರಹಾಕಿ, "ಹೊಸ ಹಾಡಾ ಮಿಂಚು?" ಎಂದು ಆಸೆಯಿಂದ ಕೇಳಿದ.

"ಅಲ್ಲ ಕಣೋ, ಸುಮ್ನಿರು," ಎಂದು ಅವಳು ಬೆನ್ನು ತಿರುಗಿಸಿ, ಫೋನನ್ನು ಬಾಯಿಗೆ ಹತ್ತಿರ ಹಿಡಿದು ರೆಕಾರ್ಡ್ ಒತ್ತಿದಳು.